ತೊಳೆದುಕೊಂಡು ಬನ್ನಿ

…ಅಥವಾ ಅದು ಮಂಜಲ್ಲ, ಆವಿಯೇ ಇರಬೇಕು. ಆ ಬೆಳಿಗ್ಗೆ ನೆನಪಾದಾಗಲೆಲ್ಲ ಸುತ್ತ ಬೆಳ್ಳಗೆ ಏನೋ ತುಂಬಿಕೊಂಡಿರುತ್ತದೆ. ಅದರ ನಡುವೆ ಒಬ್ಬರು ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಅಂಗಾತ ಮಲಗಿರುತ್ತಾರೆ. ಅವರ ಕೈಕಾಲಿನಿಂದ ಹೊರಟ ತಂತಿಗಳು ನನ್ನ ಮೊಣಕಾಲ ಬಳಿಯ ಪೆಟ್ಟಿಗೆಗೆ ಬಂದು ಸೇರುತ್ತವೆ. ಮಾಗಿಯ ಮಂಜು ಎಂದೇ ಬಹಳ ವರ್ಷ ಹೇಳಿಕೊಂಡು ಬಂದೆ; ಹೇಳುತ್ತ ಹೇಳುತ್ತ ಅದಕ್ಕೆ ಚಳಿಯನ್ನೂ ಸೇರಿಸಿದೆ. ಈಚೆಗೆ ಕೂತು ಯೋಚಿಸಿದರೆ, ನಾನು ಅಲ್ಲಿಗೆ ತಲುಪಿದ್ದು ಹತ್ತು ಗಂಟೆಯ ಮೇಲೆ. ಅಷ್ಟು ಹೊತ್ತಿಗೆ ಪಾಂಡವಪುರದ ಬಯಲಿನಲ್ಲಿ ಮಂಜು ಎಲ್ಲಿ ಉಳಿದಿರುತ್ತದೆ? ಚಳಿ ಬೇರೆ ಯಾವುದೋ ದಿನದ್ದು. ತಂದು ಇಲ್ಲಿ ಹೊದಿಸಿದ್ದೇನೆ.

ಇಸವಿಯೂ ಖಚಿತವಿಲ್ಲ, ತೊಂಬತ್ತನಾಲ್ಕೋ ತೊಂಬತ್ತೈದೋ. ಕೆಲಸ ಮಾತ್ರ ಖಚಿತ. ಶ್ರೀರಂಗಪಟ್ಟಣದ ಒಬ್ಬ ವೈದ್ಯರ ಬಳಿ ನಾನು ಇಸಿಜಿ ತೆಗೆಯುತ್ತಿದ್ದೆ. ಯಂತ್ರ ಅವರದು, ಹೊರುವವನು ನಾನು. ಮಂಗಳವಾರ ಪಾಂಡವಪುರ, ಗುರುವಾರ ಕೆ.ಆರ್. ಪೇಟೆ, ಶನಿವಾರ ನಾಗಮಂಗಲ, ಉಳಿದ ದಿನ ಪಟ್ಟಣದ ಕ್ಲಿನಿಕ್ಕು. ಆ ಊರುಗಳ ಖಾಸಗಿ ವೈದ್ಯರು ಎದೆನೋವು, ತಲೆಸುತ್ತು ಎಂದು ಬಂದವರನ್ನು ನನ್ನ ದಿನಕ್ಕೆ ಕಾಯಿಸಿರುತ್ತಿದ್ದರು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರೆ, ಹಾರ್ಮೋನಿಯಮ್ಮಾ ಎಂದು ಕೇಳುವವರಿದ್ದರು. ಕೆಲವು ಸಲ ಹೌದೆಂದಿದ್ದೇನೆ.

ಯಂತ್ರ ಸರಳವಾದದ್ದು. ಎರಡು ಮಣಿಕಟ್ಟು, ಎರಡು ಕಣಕಾಲಿಗೆ ನಾಲ್ಕು ತಗಡಿನ ಬಿಲ್ಲೆ, ರಬ್ಬರ್ ಪಟ್ಟಿಯಿಂದ ಕಟ್ಟುವುದು. ಎದೆಗೆ ಒಂದೇ ಒಂದು ಲೋಹದ ಬಟ್ಟಲು. ಅದರ ರಬ್ಬರ್ ಬುರುಡೆ ಒತ್ತಿ ಬಿಟ್ಟರೆ ಚರ್ಮ ಹೀರಿಕೊಂಡು ನಿಲ್ಲುತ್ತದೆ, ಆರು ಜಾಗಕ್ಕೆ ಒಂದೊಂದಾಗಿ ಸರಿಸಿಕೊಂಡು ಹೋಗಬೇಕು. ಕಾಯಿಸಿದ ಸೂಜಿಯೊಂದು ಓಡುವ ಕಾಗದದ ಮೇಲೆ ಕಪ್ಪಗೆ ಗೀರು ಎಳೆಯುತ್ತದೆ. ಚರ್ಮಕ್ಕೂ ಲೋಹಕ್ಕೂ ನಡುವೆ ಏನೂ ಅಡ್ಡ ಇರಬಾರದು ಎಂಬುದು ನನಗೆ ಕಲಿಸಿದ ಮೊದಲ ಪಾಠ. ನಮ್ಮ ಜನರ ಮೈಮೇಲೋ ಹರಳೆಣ್ಣೆ, ಅರಿಶಿನ, ವಿಭೂತಿ, ಗದ್ದೆಯ ಕೆಸರು. ಎಣ್ಣೆ ಇದ್ದರೆ ಸೂಜಿ ಕುಡಿದವನಂತೆ ಅಡ್ಡಾಡುತ್ತದೆ. ಆದ್ದರಿಂದ ಯಾರೇ ಬಂದರೂ ನನ್ನ ಮೊದಲ ಮಾತು ಒಂದೇ, ತೊಳೆದುಕೊಂಡು ಬನ್ನಿ. ಜನ ಹೊರಗಿನ ತೊಟ್ಟಿಯಲ್ಲಿ ಮುಖ, ಕೈಕಾಲು, ಎದೆ ತೊಳೆದು, ಹೆಂಗಸರಾದರೆ ಕುಂಕುಮ ತಿದ್ದಿಕೊಂಡು, ಬಂದು ಮಲಗುತ್ತಿದ್ದರು.

ಆ ಸಿಪ್ಪೆಯ ರಾಶಿಯ ಮೇಲೆ ಮಲಗಿದ್ದವರು ನನ್ನ ಬಳಿ ಮೊದಲು ಬಂದದ್ದು ಕೆ.ಆರ್. ಪೇಟೆಯಲ್ಲಿ, ಒಂದು ಗುರುವಾರ. ಬೂಕನಕೆರೆಯವರು. ವಯಸ್ಸು ನಲವತ್ತೈದರ ಆಸುಪಾಸು. ಜೊತೆಗೆ ಹೆಂಡತಿ. ಸುಗ್ಗಿ ಬಂದರೆ ಪಾಂಡವಪುರದ ಹತ್ತಿರ ಕಾಲುವೆ ಪಕ್ಕದ ಒಂದು ಆಲೆಮನೆಯಲ್ಲಿ ಇಬ್ಬರೂ ಬೀಡುಬಿಡುತ್ತಿದ್ದರು. ಆಕೆ ಒಲೆಗೆ ಸಿಪ್ಪೆ ಹಾಕುವುದು, ಅವರು ಪಾಕ ನೋಡುವುದು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ರಸ ಯಾವ ಗಳಿಗೆಗೆ ಬೆಲ್ಲವಾಗುತ್ತದೆ ಎಂದು ಹೇಳುವವರು ಆಲೆಮನೆಗೆ ಒಬ್ಬರೇ. ಕೈಯನ್ನು ತಣ್ಣೀರಿಗೆ ಅದ್ದಿ, ಕುದಿಯುವುದರೊಳಗೆ ಬೆರಳಿಟ್ಟು ಎತ್ತಿ, ಮತ್ತೆ ನೀರಿಗೆ ಅದ್ದಿ ಉಂಡೆ ಕಟ್ಟಿ ನೋಡುತ್ತಾರೆ. ಒಂದು ಕುದಿ ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದು, ಒಂದು ಕುದಿ ತಡವಾದರೆ ಕರಿದು. ಇದನ್ನೆಲ್ಲ ಅವರೇ ಹೇಳಿದರೋ ಆಮೇಲೆ ನಾನು ಕಂಡು ಸೇರಿಸಿಕೊಂಡೆನೋ ತಿಳಿಯದು. ಎದೆ ಹೇಗಾಗುತ್ತದೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಮಾತ್ರ ಅವರದೇ.

“ಗಾಣದ ಇಂಜಿನ್ನು ಬೆಲ್ಟು ಕಳಚ್ಕೊಂಡ್ರೆ ಎಂಗೆ ಓಡ್ತದೆ, ಅಂಗೆ ಕನ ಸಾ. ಏನೂ ಅರೆಯಾಕಿಲ್ಲ. ಬರೀ ಓಡ್ತದೆ.”

ಹೇಳುತ್ತ ಬೆರಳಲ್ಲಿ ಮೇಜು ಬಡಿದು ತೋರಿಸಿದರು. ಎಣಿಸಲಾಗದಷ್ಟು ಬೇಗ, ಆದರೆ ಒಂದೂ ಲಯ ತಪ್ಪದ ಬಡಿತ. ಆ ಬೆರಳುಗಳನ್ನು ನಾನು ಸರಿಯಾಗಿ ನೋಡಲಿಲ್ಲ. ತೊಳೆದುಕೊಂಡು ಬನ್ನಿ ಎಂದೆ. ಬಂದರು, ಮಲಗಿದರು, ತೆಗೆದೆ. ಗೀರು ಬಿದ್ದ ಕಾಗದದ ಪಟ್ಟಿ ಅಚ್ಚುಕಟ್ಟಾಗಿತ್ತು, ನಿಮಿಷಕ್ಕೆ ಎಪ್ಪತ್ತೆರಡೋ ಎಪ್ಪತ್ತನಾಲ್ಕೋ. ಅಲ್ಲಿನ ವೈದ್ಯರು ಅದನ್ನು ನೋಡಿ, ಗಾಬರಿಯಷ್ಟೇ ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಎರಡನೆಯ ಸಲ ಅವರು ಪಟ್ಟಣಕ್ಕೇ ಬಂದರು. ಆಲೆಮನೆಯಿಂದ ಬೆಲ್ಲ ಸಾಗಿಸುವ ಟೆಂಪೋದಲ್ಲಿ ಕರೆತಂದವರು ಗಂಜಾಂ ಕಡೆಯ ಚಾಲಕರು. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಈ ಸಲ ಪಾಕ ನೋಡುವವರ ಎಡಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಬೆರಳಿಡುವ ಹೊತ್ತಿಗೆ ಸರಿಯಾಗಿ ಎದೆ ಓಡಲು ಶುರುವಾಗಿ, ಕಣ್ಣು ಕಪ್ಪಿಟ್ಟು, ಕೈ ಕೊಪ್ಪರಿಗೆಯ ಅಂಚಿಗೆ ತಗುಲಿತ್ತು. ಪಾಕವೂ ಹೊತ್ತಿತ್ತು. ಆಲೆಮನೆಯ ಮಾಲೀಕರು ಎಲ್ಲರೆದುರು, ಬೆಳಗೆದ್ದೇ ಹಾಕ್ಕೊಂಡು ಬತ್ತೀಯೇನ್ಲಾ ಎಂದು ಕೇಳಿದರಂತೆ. ಇನ್ನೊಂದು ಕೊಪ್ಪರಿಗೆ ಕೆಟ್ಟರೆ ಬೇರೆಯವರನ್ನು ಕರೆಸುತ್ತೇನೆ, ಇಲ್ಲ, ಕಾಯಿಲೆ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬಾ ಎಂದಿದ್ದರಂತೆ. ಕುಡುಕ ಎಂಬ ಹೆಸರು ಒಂದು ಆಲೆಮನೆಯಲ್ಲಿ ಬಿದ್ದರೆ ಸಂಜೆಯೊಳಗೆ ಕಾಲುವೆಯುದ್ದಕ್ಕೂ ಬಿದ್ದ ಹಾಗೆ. ಹೆಂಡತಿಗೆ ಸಿಟ್ಟು.

“ನಮ್ಮೋರು ಕುಡಿಯೋರಲ್ಲ ಸಾ. ಕುಡುದಿದ್ರೆ ನಾನೇ ಏಳ್ತಿದ್ದೆ, ಮೂರೂರ್ಗೆ ಕೇಳಂಗೆ.”

ಟೆಂಪೋ ಇಳಿಯುವಾಗಲೂ ಎದೆ ಓಡುತ್ತಲೇ ಇತ್ತು ಎಂದು ಅವರು ಹೇಳಿದರು. ನಾನು ನಾಡಿ ಹಿಡಿದೆನೇ? ಹಿಡಿದೆ ಎಂದು ಒಂದು ನೆನಪು, ಬೆರಳ ಕೆಳಗೆ ಜೇನುಹುಳ ಸಿಕ್ಕಿಕೊಂಡಂತೆ. ಹಿಡಿದಿದ್ದರೆ ತೊಳೆಯಲು ಕಳಿಸುತ್ತಿರಲಿಲ್ಲವಲ್ಲ. ಆದ್ದರಿಂದ ಆ ಜೇನುಹುಳವನ್ನು ನಾನು ಆಮೇಲೆ ಕಲ್ಪಿಸಿಕೊಂಡಿರಬೇಕು. ಮೈಮೇಲೆಲ್ಲ ಒಣಗಿದ ಪಾಕ, ಬೂದಿ, ಬೆವರು. ತೊಟ್ಟಿ ತೋರಿಸಿದೆ. ಅವರು ಬಲಗೈಯಲ್ಲೇ ನೀರು ಮೊಗೆದು ಮುಖಕ್ಕೆ ಎರಚಿಕೊಳ್ಳುವುದು ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಬಂದಾಗ ಮುಖ ತಿಳಿಯಾಗಿತ್ತು. ಎಡಗೈಯ ಬಿಲ್ಲೆಯನ್ನು ತೋಳಿಗೆ ಕಟ್ಟಿ ತೆಗೆದೆ. ಪಟ್ಟಿಯೂ ತಿಳಿಯಾಗಿತ್ತು.

ನಮ್ಮ ವೈದ್ಯರು ಕೆ.ಆರ್. ಪೇಟೆಯವರಷ್ಟು ಬೇಗ ಕೈಬಿಡುವವರಲ್ಲ. ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ಏರುತ್ತ ಏರುತ್ತ ಜೋರಾಗುತ್ತದೋ, ಒಂದೇಟಿಗೆ ಶುರುವೋ? ಒಂದೇಟಿಗೆ. ನಿಲ್ಲುವುದು? ಅದೂ ಒಂದೇಟಿಗೆ. ಕತ್ತಿನಲ್ಲಿ ಹೊಡೆದುಕೊಳ್ಳುತ್ತದೆಯೇ? ಕಪ್ಪೆ ಗಂಟಲು ಆಡಿಸುತ್ತದಲ್ಲ, ಹಾಗೆ. ನಿಂತ ಮೇಲೆ? ಅವರು ಹೆಂಡತಿಯ ಮುಖ ನೋಡಿದರು. ಆಕೆಯೇ ಹೇಳಿದರು, ಉಚ್ಚೆಗೆ ಹೋಗಿ ಹೋಗಿ ಸಾಕಾಗುತ್ತದೆ ಎಂದು.

ಅವರು ಹೋದ ಮೇಲೆ ವೈದ್ಯರು ಲಕೋಟೆಯೊಂದರ ಬೆನ್ನ ಮೇಲೆ ಹೃದಯದ ಚಿತ್ರ ಬರೆದು ನನಗೆ ವಿವರಿಸಿದರು. ಎದೆ ಬಡಿತ ನಮಗೆ ಗೊತ್ತಾಗುವುದೇ ಒಂದು ಕಾಯಿಲೆಯಲ್ಲ. ಓಡಿದರೆ, ಹೆದರಿದರೆ, ಕಾಫಿ ಹೆಚ್ಚಾದರೆ, ರಕ್ತ ಕಡಿಮೆಯಾದರೆ ಯಾರಿಗೂ ಗೊತ್ತಾಗುತ್ತದೆ. ಅವೆಲ್ಲ ಮೆಟ್ಟಿಲು ಹತ್ತಿ ಬರುತ್ತವೆ, ಮೆಟ್ಟಿಲು ಇಳಿದು ಹೋಗುತ್ತವೆ. ಇದು ಹಾಗಲ್ಲ, ಸ್ವಿಚ್ಚು. ಹೃದಯದೊಳಗೆ ಮೇಲಿನಿಂದ ಕೆಳಕ್ಕೆ ಹರಿದು ಮುಗಿಯಬೇಕಾದ ಕರೆಂಟು ಒಂದು ಸುತ್ತುದಾರಿ ಸಿಕ್ಕಿ, ಗಾಣದ ಎತ್ತಿನಂತೆ ಅಲ್ಲೇ ಸುತ್ತತೊಡಗಿರಬೇಕು. ಹೆಚ್ಚಿನವರಿಗೆ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಕುದಿಯುವ ಕೊಪ್ಪರಿಗೆಯ ಪಕ್ಕ ಕಣ್ಣು ಕಪ್ಪಿಟ್ಟರೆ? ಅನುಮಾನದ ಮೇಲೆ ತಾನು ಏನನ್ನೂ ಬರೆದುಕೊಡಲಾರೆ, ಓಡುತ್ತಿರುವಾಗಲೇ ಅದನ್ನು ಕಾಗದದ ಮೇಲೆ ಹಿಡಿಯಬೇಕು ಎಂದರು. ಯಂತ್ರವನ್ನು ಆಲೆಮನೆಗೇ ಒಯ್ಯಲು ಅಪ್ಪಣೆ ಕೊಟ್ಟರು.

ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಕಾದೆ. ಆ ದಿನವನ್ನು ಯಾರಾದರೂ ಕನಸೆಂದರೆ ಒಪ್ಪಿಕೊಂಡೇನು. ಗಾಣದ ಇಂಜಿನ್ನಿನ ಒಂದೇ ಸದ್ದು ಕೇಳಿ ಕೇಳಿ ಆಮೇಲೆ ಸದ್ದೇ ಇಲ್ಲವಾಯಿತು. ಆವಿಯೊಳಗೆ ಜನ ಸೊಂಟದವರೆಗೆ ಕಾಣುತ್ತಿದ್ದರು, ಒಮ್ಮೆ ತಲೆ ಮಾತ್ರ, ಒಮ್ಮೆ ಕಾಲು ಮಾತ್ರ. ಸುಣ್ಣ ಬಿದ್ದಾಗ ರಸ ಹಳದಿ ನೊರೆಯೆದ್ದು ಉಬ್ಬುತ್ತಿತ್ತು. ಒಂದು ಹನಿ ಹರಳೆಣ್ಣೆ ಬಿಟ್ಟರೆ ಬೈಸಿಕೊಂಡ ಮಗುವಿನಂತೆ ಕೆಳಗೆ ಕೂರುತ್ತಿತ್ತು. ಅವರು ಅಂಚಿನಲ್ಲಿ ನಿಂತು, ಗುಳ್ಳೆಗಳು ಒಡೆಯುವ ಸದ್ದಿಗೆ ಕಿವಿಗೊಟ್ಟು, ಬೆರಳದ್ದಿ, ಉಂಡೆ ಕಟ್ಟಿ, ಇಳಿಸಿ ಎನ್ನುತ್ತಿದ್ದರು. ಎದೆ ಓಡಲಿಲ್ಲ. ಎದೆ ಓಡಲೆಂದು ಕಾಯುತ್ತ ಕೂತವನಿಗೆ ತನ್ನದೇ ಎದೆ ಕೇಳಿಸತೊಡಗುತ್ತದೆ ಎಂಬುದು ಮಾತ್ರ ಗೊತ್ತಾಯಿತು. ಸಂಜೆ ನೋಡಿದರೆ ಒಲೆಯ ಗೋಡೆಗೆ ಒರಗಿಸಿಟ್ಟಿದ್ದ ಕಾಗದದ ಸುರುಳಿ ಶಾಖಕ್ಕೆ ಪೂರ್ತಿ ಕಪ್ಪಾಗಿತ್ತು. ಮಾಲೀಕರು ಅದನ್ನು ತಿರುಗಿಸಿ ನೋಡಿ, ಅವನ ಎದೆ ಇಷ್ಟೊಂದು ಕಪ್ಪಾಗದಾ ಎಂದು ಕೇಳಿ, ತಾವೇ ನಕ್ಕರು.

ಎರಡನೆಯ ದಿನ ಎದೆ ಓಡತೊಡಗಿತು. ಗಾಣದ ಆಚೆ ಚಹಾ ಕುಡಿಯುತ್ತಿದ್ದೆ. ಹೆಂಡತಿ ಕೂಗಿದರು. ಪೆಟ್ಟಿಗೆ ತೆಗೆದು, ತಂತಿ ಬಿಡಿಸಿ, ತಲೆ ಎತ್ತಿದರೆ ಅವರಿಲ್ಲ. ಕಾಲುವೆಯ ಮೆಟ್ಟಿಲಲ್ಲಿ ಬಗ್ಗಿ ತಲೆಯನ್ನೇ ನೀರಿಗೆ ಅದ್ದುತ್ತಿದ್ದಾರೆ. ಓಡಿಹೋಗಿ ಕೈ ಹಿಡಿದಾಗ ನಾಡಿ ನೆಟ್ಟಗಿತ್ತು. ಮುಖದಿಂದ ನೀರು ಇಳಿಯುತ್ತಿತ್ತು, ಅವರು ನಗುತ್ತಿದ್ದರು, ನನಗೆ ಅಳು ಬರುವಂತಿತ್ತು. ಯಾಕೆ ಹೋದಿರಿ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಉತ್ತರ ಕೊಟ್ಟವರು ಹೆಂಡತಿ.

“ನಿಮ್ಮುಂದೆ ಕೊಳಕ್ಕಾಗಿ ಮನಿಕಳಾಕಾಯ್ತದಾ ಸಾ? ತೊಳ್ಕೊಂಡ್ ಬನ್ನಿ ಅಂತ ನೀವೇ ಅಲ್ವಾ ಅನ್ನೋದು. ಅದೇನ್ ನಿಮ್ ಕೈಗುಣವೋ, ನಿಮ್ತಾವ ಬರಾಕೆ ಅಂತ ತೊಳ್ಕೊಂಡೇಟ್ಗೆ ನಿಂತೋಯ್ತದೆ.”

ಆ ಗಳಿಗೆಗೆ ನನಗೆ ಎಲ್ಲ ಹೊಳೆಯಿತು ಎಂದು ಬರೆಯಬಹುದು. ಹೊಳೆಯಲಿಲ್ಲ. ಕೈಗುಣದ ಮಾತಿಗೆ ಒಳಗೊಳಗೆ ಹಿಗ್ಗಿ ಬಸ್ಸು ಹತ್ತಿದೆ. ರಾತ್ರಿಯೂಟ ಮುಗಿಸಿ ಮಲಗಿ, ಮರುದಿನ ಕ್ಲಿನಿಕ್ಕಿನಲ್ಲಿ ನಿನ್ನೆಯದನ್ನು ತಮಾಷೆಯಾಗಿ ವೈದ್ಯರಿಗೆ ಹೇಳುತ್ತಿರುವಾಗ, ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಮೂರು ಸಲವೂ ಮುಖ ತೊಳೆದಿದ್ದರೇ ಎಂದು ಕೇಳಿದರು. ಹೌದೆಂದೆ. ತಣ್ಣೀರಿನಲ್ಲೇ? ತೊಟ್ಟಿಯ ನೀರು, ಕಾಲುವೆಯ ನೀರು, ಎಂದೆ.

“ನೀನು ಮೊದಲು ಔಷಧಿ ಕೊಟ್ಟು ಆಮೇಲೆ ಕಾಯಿಲೆ ಹುಡುಕ್ತಿದ್ದೀಯಲ್ಲಯ್ಯ.”

ಮುಖಕ್ಕೆ ತಣ್ಣೀರು ಬಿದ್ದರೆ ದೇಹ ತಾನು ಮುಳುಗಿದೆನೆಂದು ತಿಳಿದು ಹೃದಯಕ್ಕೆ ಕಡಿವಾಣ ಹಾಕುತ್ತದೆಯಂತೆ. ಸುತ್ತುತ್ತಿರುವ ಎತ್ತು ಒಂದು ಹೆಜ್ಜೆ ತಡವರಿಸಿದರೂ ಸಾಕು, ಸುತ್ತು ಮುರಿಯುತ್ತದೆ. ಎಲ್ಲರಿಗೂ ಎಲ್ಲ ಸಲವೂ ಅಲ್ಲ, ಕೆಲವರಿಗೆ. ಆಸ್ಪತ್ರೆಗಳಲ್ಲಿ ಬೇಕೆಂದೇ ಇದನ್ನು ಮಾಡುವುದುಂಟು. ವೈದ್ಯರಿಗೆ ಗೊತ್ತಿದ್ದ ವಿಷಯವೇ ಅದು. ಆದರೆ ರೋಗಿ ತಮ್ಮ ಮುಂದೆ ಬರುವ ಮೊದಲು ಹೊರಗಿನ ತೊಟ್ಟಿಯಲ್ಲಿ ಏನು ನಡೆಯುತ್ತದೆಂದು ಅವರು ನೋಡಿರಲಿಲ್ಲ. ನಾನು ದಿನವೂ ನೋಡುತ್ತಿದ್ದೆ, ನನಗೆ ಗೊತ್ತಿರಲಿಲ್ಲ.

ಮುಂದಿನ ಸಲ ತೊಳೆಸದೆಯೇ ತೆಗೆಯುವುದೆಂದು ನಿರ್ಧಾರ ಮಾಡಿದವನು ನಾನು. ವೈದ್ಯರು ಹಿಂಜರಿದರು. ನಾಲ್ಕು ತಾಲ್ಲೂಕಿಗೆ ಇದ್ದ ಒಂದೇ ಯಂತ್ರ, ಬಿಲ್ಲೆಗಳಿಗೆ ಪಾಕ ಮೆತ್ತಿದರೆ? ಗೀರು ಕೆಟ್ಟರೆ? ಒಣಬಟ್ಟೆಯಲ್ಲಿ ಒರೆಸುತ್ತೇನೆ, ಎದೆಗೆ ಬಟ್ಟಲು ನಿಲ್ಲದಿದ್ದರೆ ಕೈಕಾಲಿನಿಂದಲೇ ಸಿಕ್ಕಷ್ಟು ತೆಗೆಯುತ್ತೇನೆ ಎಂದೆ. ಅವರು ಒಪ್ಪಿದರು. ಗೀರು ಹಿಡಿದ ಕೂಡಲೇ ತಣ್ಣೀರು ಹಾಕಬೇಕು, ಯಂತ್ರವನ್ನು ಆಗ ನಿಲ್ಲಿಸಬಾರದು, ಬಿಲ್ಲೆ ಕಟ್ಟಿದ ಮೇಲೆ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಿಸಬಾರದು ಎಂದು ಎರಡೆರಡು ಸಲ ಹೇಳಿದರು. ದಿನವೂ ಕಾಲುವೆಯ ಪಕ್ಕ ಕಾಯುವಂತಿರಲಿಲ್ಲ. ಭಾಯಿ ಬೆಲ್ಲ ತುಂಬಲು ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದರು. ಎದೆ ಓಡತೊಡಗಿದರೆ ಭಾಯಿ ಬಂದು ತಿಳಿಸುವುದು, ನಾನು ತಲುಪುವವರೆಗೆ ರೋಗಿ ನೀರು ಮುಟ್ಟದೆ ಕೂರುವುದು ಎಂದು ಮಾತಾಯಿತು.

ಎಷ್ಟು ದಿನದ ಮೇಲೋ. ಟೆಂಪೋ ಕ್ಲಿನಿಕ್ಕಿನ ಮುಂದೆ ನಿಂತಿತು.

“ಅವ್ರದ್ದು ದಿಲ್ಲು ಓಡ್ತಾ ಅದೆ, ನೀವು ಕಾಫಿ ಕುಡ್ಕೊಂಡು ಕೂತಿದ್ದೀರಲ್ಲ ಸಾಬ್. ಚಲೋ.”

ದಾರಿಯಲ್ಲಿ ಭಾಯಿ ಒಂದೇ ಒಂದು ಪ್ರಶ್ನೆ ಕೇಳಿದರು, ನೀರು ಕೊಡಬೇಡಿ ಅಂತ ಹೇಳೋದು ಯಾವ ಊರ ವೈದ್ಯ ಎಂದು. ತಲುಪಿದಾಗ ಅವರು ಒಲೆಯಿಂದ ಹತ್ತು ಮಾರು ದೂರದಲ್ಲಿ ಸಿಪ್ಪೆಯ ರಾಶಿಗೆ ಒರಗಿ ಕೂತಿದ್ದರು. ಮುಕ್ಕಾಲು ಗಂಟೆಯಿಂದ ಓಡುತ್ತಿತ್ತು. ತುಟಿ ಬಿಳಿಚಿತ್ತು. ಕತ್ತಿನ ನರ ಹೊರಗಿನವರಿಗೂ ಕಾಣುವಂತೆ ಆಡುತ್ತಿತ್ತು. ಹೆಂಡತಿ ಪಕ್ಕದಲ್ಲೇ, ಕಾಲುವೆಯ ನೀರಿನ ಚೊಂಬು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಕೊಪ್ಪರಿಗೆ ಹದಕ್ಕೆ ಬರುತ್ತಿತ್ತು. ಅಂಚಿನಲ್ಲಿ ಮಾಲೀಕರೇ ನಿಂತಿದ್ದರು, ಅವರಿಗೆ ಪಾಕ ಗೊತ್ತಿಲ್ಲ.

ಮಲಗಿಸಿದೆ. ಒಣಬಟ್ಟೆಯಲ್ಲಿ ಮಣಿಕಟ್ಟು ಒರೆಸಿ ಬಿಲ್ಲೆ ಕಟ್ಟಿದೆ. ನಾನು ಹೆದರಿದ್ದಂತೆ ಏನೂ ಆಗಲಿಲ್ಲ. ಸೂಜಿ ಕ್ಲಿನಿಕ್ಕಿನಲ್ಲಿ ಎಂದೂ ಬರೆಯದಷ್ಟು ಚೊಕ್ಕವಾಗಿ ಬರೆಯತೊಡಗಿತು. ಉಪ್ಪು ಬೆವರಿಗಿಂತ ಚೆನ್ನಾಗಿ ಕರೆಂಟು ಹಾಯಿಸುವುದು ಬೇರೆ ಬೇಕೇ? ಇಷ್ಟು ವರ್ಷ ನಾನು ಅದನ್ನೇ ತೊಳೆಸುತ್ತಿದ್ದೆ. ಗೀರುಗಳು ಬಾಚಣಿಗೆಯ ಹಲ್ಲಿನಂತೆ, ಒತ್ತೊತ್ತಾಗಿ, ಒಂದೇ ಅಂತರದಲ್ಲಿ. ಕೆ.ಆರ್. ಪೇಟೆಯ ಮೇಜಿನ ಮೇಲೆ ಅವರ ಬೆರಳು ಬಡಿದದ್ದು ಇದನ್ನೇ. ಎದೆಗೆ ಬಟ್ಟಲು ಇಟ್ಟೆ. ಜಾರಿತು. ಮತ್ತೆ ಇಟ್ಟೆ. ಅವರು ಕಣ್ಣು ಮುಚ್ಚಿಕೊಂಡೇ ಹೆಂಡತಿಯನ್ನು ನೀರು ಕೇಳಿದರು. ಸ್ವಲ್ಪ ತಡೀರಿ ಎಂದೆ. ಮೂರನೆಯ ಜಾಗ, ನಾಲ್ಕನೆಯ ಜಾಗ.

“ಎಷ್ಟೊತ್ತು ತಡೀಬೇಕು ಸಾ? ನಿಮ್ ಕಾಗ್ದ ಮುಗಿಯಾಗಂಟಾನಾ, ಅವ್ರು ಮುಗಿಯಾಗಂಟಾನಾ?”

ಆಕೆಯ ಕೈಯ ಚೊಂಬು ಅಂಚಿನವರೆಗೆ ತುಂಬಿ ತುಳುಕುತ್ತಿತ್ತು. ಒಂದು ಹನಿ ಅವರ ಮುಖಕ್ಕೆ ಬಿದ್ದರೆ ಎಲ್ಲ ಮುಗಿಯಿತೆಂದು ನನಗೆ ಹೆದರಿಕೆ. ಬೀಳದಿದ್ದರೆ ಎಲ್ಲ ಮುಗಿಯುತ್ತದೆಂದು ಆಕೆಗೆ. ಅಷ್ಟರಲ್ಲಿ ಅವರು ಇದ್ದಕ್ಕಿದ್ದಂತೆ ಬಾಯಿ ತೆರೆದರು. ನನಗಲ್ಲ, ಒಲೆಯ ಕಡೆಗೆ.

“ಇಳಿಸ್ರಲಾ. ಸದ್ದು ದಪ್ಪಾಗದೆ. ಇನ್ನೊಂದು ಕುದಿ ಬಂದ್ರೆ ಓಯ್ತು.”

ಇಷ್ಟು ದೂರದಿಂದ, ಕಣ್ಣು ಮುಚ್ಚಿ, ಎದೆ ಹಾಗೆ ಓಡುತ್ತಿರುವಾಗ, ಇಂಜಿನ್ನಿನ ಸದ್ದಿನ ಅಡಿಯಿಂದ ಅವರು ಪಾಕದ ಸದ್ದನ್ನು ಹೆಕ್ಕಿದ್ದರು. ಮಾಲೀಕರು ಒಂದು ಗಳಿಗೆ ತಡೆದರು. ಆಮೇಲೆ ಆಳುಗಳಿಗೆ ಕೈ ಮಾಡಿದರು. ಕೊಪ್ಪರಿಗೆ ಇಳಿಯಿತು, ಆವಿ ನಮ್ಮ ಮೇಲೆಲ್ಲ ಕವಿಯಿತು. ನಾನು ಮಂಜೆಂದು ಹೇಳಿಕೊಂಡು ಬಂದದ್ದು ಇದೇ ಇರಬೇಕು.

ಹಾಕಿ ಎಂದೆ. ಆಕೆ ಇಡೀ ಚೊಂಬನ್ನು ಅವರ ಮುಖಕ್ಕೆ ಸುರಿದರು. ಯಂತ್ರ ಓಡುತ್ತಲೇ ಇತ್ತು. ಹಲ್ಲುಗಳು ಇನ್ನಷ್ಟು ಬಂದವು, ಕೊನೆಯದೊಂದು ಬಂತು, ಆಮೇಲೆ ಸೂಜಿ ನಿಂತುಬಿಟ್ಟಿತು. ಕಾಗದ ಹರಿಯುತ್ತಿದೆ, ಗೆರೆ ನೆಟ್ಟಗೆ ಹೋಗುತ್ತಿದೆ. ಮನುಷ್ಯನನ್ನು ಕೊಂದೆ ಎಂದುಕೊಂಡೆ. ಆ ಪಟ್ಟಿಯಲ್ಲಿ ಆಮೇಲೆ ಅಳೆದಾಗ ಅದು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ನನ್ನ ನೆನಪಿನಲ್ಲಿ ಅಷ್ಟರಲ್ಲಿ ಕಾಲುವೆ ಏರಿಯ ಮೇಲೆ ಬಸ್ಸೊಂದು ಬಂದು, ನಿಂತು, ಜನ ಇಳಿದು, ಕೈಚೀಲ ಮರೆತವರೊಬ್ಬರು ಮತ್ತೆ ಹತ್ತಿ ಇಳಿದು, ಬಸ್ಸು ಹೊರಟುಹೋಗಿದೆ. ಎರಡನ್ನೂ ನಾನು ನಂಬುತ್ತೇನೆ. ಸೂಜಿ ಒಮ್ಮೆ ಎದ್ದಿತು. ಮತ್ತೊಮ್ಮೆ ಎದ್ದಿತು. ನಿಧಾನಕ್ಕೆ, ಸಂತೆ ಮುಗಿಸಿ ಮನೆಗೆ ಹೋಗುವವರ ನಡಿಗೆಯಲ್ಲಿ. ಅವರು ಕಣ್ಣು ಬಿಟ್ಟು, ಪಾಕ ಕರಿದಾಯಿತೋ ಎಂದು ಕೇಳಿದರು.

ಕರಿದಾಗಿರಲಿಲ್ಲ. ಅಚ್ಚಿಗೆ ಬಿದ್ದ ಬೆಲ್ಲ ಹೊಂಬಣ್ಣಕ್ಕಿತ್ತು. ಮಾಲೀಕರು ಬಂದು ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಅದರುದ್ದಕ್ಕೂ ಬೆರಳಾಡಿಸಿ, “ಇದ್ರಾಗೆ ಸಾರಾಯಿ ಎಲ್ಲಿ ಬರ್ದದೆ?” ಎಂದರು. ಎಲ್ಲೂ ಬರೆದಿಲ್ಲ ಎಂದೆ. ತಪ್ಪಾಯಿತು ಎಂಬ ಮಾತು ಅವರಿಂದ ಬರಲಿಲ್ಲ. ಶುಂಠಿ ಜಜ್ಜಿ ಹಾಕಿದ ಕಬ್ಬಿನ ಹಾಲು ತರಿಸಿ, ಮೊದಲ ಲೋಟವನ್ನು ತಾವೇ ಅವರ ಕೈಗೆ ಕೊಟ್ಟರು. ನನಗೆ ಕಂಡದ್ದು ಅಷ್ಟೇ.

ವೈದ್ಯರು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಕಾಯಿಲೆಯ ಹೆಸರನ್ನು ತಮ್ಮ ಚೀಟಿಯ ಮೇಲೆ ಬರೆದುಕೊಟ್ಟರು. ದಿನಕ್ಕೆ ಎರಡು ಮಾತ್ರೆ. ಮತ್ತೆ ಶುರುವಾದರೆ ಕೂತು, ಉಸಿರು ಬಿಗಿಹಿಡಿದು ತಿಣುಕುವುದು, ಇಲ್ಲವೇ ಮುಖಕ್ಕೆ ತಣ್ಣೀರು. ಅದು ಹಿಡಿತಕ್ಕೆ ಬರುವವರೆಗೆ ಕೊಪ್ಪರಿಗೆಯ ಅಂಚಿಗೆ ಹೋಗಕೂಡದು. ಆ ಕೊನೆಯ ಸಾಲಿಗೆ ನಾನು ಹೆದರಿದ್ದೆ. ಕುಡುಕನಲ್ಲ ಎಂದು ತೋರಿಸಿದ ಕಾಗದವೇ ಅವರನ್ನು ಕೆಲಸದಿಂದ ಬಿಡಿಸುತ್ತದೆ ಎಂದು. ಮಾಲೀಕರು ಬೇರೆ ದಾರಿ ಹುಡುಕಿದರು. ಅಂಚಿಗೆ ಅವರು ಹೋಗುವುದು ಬೇಡ, ಪಾಕವೇ ಅವರಲ್ಲಿಗೆ ಬರಲಿ. ಒಂದು ಮಣೆ ಹಾಕಿ ದೂರದಲ್ಲಿ ಕೂರಿಸಿದರು, ಉದ್ದ ಹಿಡಿಯ ಸೌಟಿನಲ್ಲಿ ಪಾಕ ತಂದು ತೋರಿಸುವುದಕ್ಕೆ ಒಬ್ಬ ಆಳು. ಅವರಿಗೆ ಇದು ಹಿಡಿಸಲಿಲ್ಲ. ಸೌಟಿನಲ್ಲಿ ಬಂದ ಪಾಕ ಅರ್ಧ ಸತ್ಯ ಹೇಳುತ್ತದೆ ಎನ್ನುತ್ತಿದ್ದರು. ಆ ಸುಗ್ಗಿಯಂತೂ ಹಾಗೇ ನಡೆಯಿತು.

ನನ್ನನ್ನು ಕಾಡತೊಡಗಿದ್ದು ವೈದ್ಯರ ಮಾತು. ಮೊದಲು ಔಷಧಿ, ಆಮೇಲೆ ಹುಡುಕಾಟ. ಒಂದು ಭಾನುವಾರ ಕ್ಲಿನಿಕ್ಕಿನ ದಾಖಲೆ ಪುಸ್ತಕಗಳನ್ನು ಇಳಿಸಿಕೊಂಡು ಕೂತೆ. ಹೆಸರು, ವಯಸ್ಸು, ಊರು, ತೊಂದರೆ, ಫಲಿತಾಂಶ. ತೊಂದರೆಯ ಕಾಲಂನಲ್ಲಿ ‘ಎದೆ ಡವಡವ’ ಎಂದೂ, ಫಲಿತಾಂಶದಲ್ಲಿ ‘ನಾರ್ಮಲ್’ ಎಂದೂ ನನ್ನದೇ ಅಕ್ಷರದಲ್ಲಿ ಇದ್ದ ಸಾಲುಗಳಿಗೆ ಸೀಸದಕಡ್ಡಿಯಲ್ಲಿ ಚುಕ್ಕೆ ಇಡುತ್ತ ಹೋದೆ. ಎಲ್ಲರಿಗೂ ಈ ಕಾಯಿಲೆಯೇ ಎಂದಲ್ಲ. ಬಹುಮಂದಿಗೆ ಬೇರೆ ಏನೋ ಇರಬಹುದು, ಏನೂ ಇಲ್ಲದಿರಬಹುದು. ಆದರೆ ಪ್ರತಿಯೊಬ್ಬರನ್ನೂ ನಾನು ತೊಟ್ಟಿಗೆ ಕಳಿಸಿದ್ದೆ. ಚುಕ್ಕೆ ಹೆಚ್ಚಾದ ಮೇಲೆ ನಿಲ್ಲಿಸಿದೆ. ಹೆಚ್ಚಿನವರಿಗೆ ತಾಲ್ಲೂಕಿನ ಹೆಸರು ಬಿಟ್ಟರೆ ವಿಳಾಸವೇ ಇರಲಿಲ್ಲ. ಒಂದು ಹೆಸರು ಮಾತ್ರ ಎರಡು ಸಲ ಬಂದಿತ್ತು, ಊರು ಹೊಣಕೆರೆ ಎಂದಿತ್ತು.

ಮುಂದಿನ ಶನಿವಾರ ನಾಗಮಂಗಲದ ಕೆಲಸ ಮುಗಿಸಿ ಹೊಣಕೆರೆಗೆ ಬಸ್ಸು ಹತ್ತಿದೆ. ಮನೆ ಸಿಕ್ಕಿತು. ಐವತ್ತು ದಾಟಿದ ಹೆಂಗಸು ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ನನಗೆ ಅವರ ಗುರುತಿಲ್ಲ, ಅವರಿಗೆ ಪೆಟ್ಟಿಗೆಯ ಗುರುತಿತ್ತು. ಎದೆಯ ಪಟ ತೆಗೆಯುವವನು ಬಂದನೆಂದು ಒಳಗಿನವರಿಗೆ ಕೂಗಿ ಹೇಳಿ, ಮೊರ ಬದಿಗಿಟ್ಟು, ಸೀದಾ ಬಚ್ಚಲ ಕಡೆ ಹೊರಟರು. ಬೇಡ, ಈ ಸಲ ತೊಳೆಯುವುದು ಬೇಡ ಎಂದೆ. ಮುಖ ತೊಳೆಯದೆ ಪಟ ತೆಗೆಸಿಕೊಳ್ಳುವುದುಂಟಾ ಎಂದು ನಕ್ಕು, ಸೆರಗಲ್ಲಿ ಒರೆಸಿಕೊಂಡು ಮಲಗಿದರು. ತೆಗೆದೆ. ಎದೆ ಆಗ ಸುಮ್ಮನಿತ್ತು, ಪಟ್ಟಿಯೂ ಸುಮ್ಮನಿತ್ತು. ಈಗಲೂ ಡವಡವ ಬರುತ್ತದೆಯೇ ಎಂದು ಕೇಳಿದೆ.

“ಬತ್ತದೆ, ಓಯ್ತದೆ. ನೀನೇ ಅಲ್ವಾ ಕಣಪ್ಪ ಏನೂ ಇಲ್ಲ ಅಂದೋನು? ಆಮ್ಯಾಕೆ ನಾನು ಯಾರ್ಗೂ ಏಳಾಕೋಗ್ನಿಲ್ಲ.”

ದೂರಿದ ಧ್ವನಿಯಲ್ಲ. ಮಳೆ ಬಂತು, ಬಿತ್ತಿದೆವು ಎನ್ನುವಷ್ಟು ಸಹಜವಾಗಿ ಹೇಳಿದರು. ನಾನು ಗಡಿಬಿಡಿಯಲ್ಲಿ ವಿವರಿಸಿದೆ. ಬಂದಾಗ ಮುಖಕ್ಕೆ ತಣ್ಣೀರು ಹಾಕಿಕೊಂಡರೆ ನಿಲ್ಲಬಹುದು. ಆದರೆ ಏನೆಂದು ಗೊತ್ತಾಗಬೇಕಾದರೆ ಹಾಕಿಕೊಳ್ಳದೆಯೇ ನಾಗಮಂಗಲಕ್ಕೆ ಬರಬೇಕು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಎರಡರಲ್ಲಿ ಯಾವುದನ್ನು ಮಾಡಲಿ ಎಂದು ಕೇಳಿದರು. ನಾನು ಏನು ಹೇಳಿದೆನೋ ನೆನಪಿಲ್ಲ. ಅಷ್ಟು ಹೊತ್ತಿಗೆ ಬಸ್ಸಿನ ವೇಳೆಯಾಗಿತ್ತು.

ಆಮೇಲೆ ಒಂದು ಶನಿವಾರವೂ ಅವರು ಬರಲಿಲ್ಲ. ಅವರ ಎದೆಯಲ್ಲಿ ಬಂದು ಹೋಗುತ್ತಿದ್ದುದು ಆಲೆಮನೆಯಲ್ಲಿ ಕಂಡ ಬಡಿತವೋ, ಬೇರೆಯದೋ, ಬರೀ ದಣಿವೋ, ನನಗೆ ಗೊತ್ತಿಲ್ಲ. ಚುಕ್ಕೆ ಇಟ್ಟ ಉಳಿದ ಹೆಸರುಗಳದ್ದೂ ಗೊತ್ತಿಲ್ಲ. ಅವರ್ಯಾರ ಮನೆಗೂ ನಾನು ಹೋಗಲಿಲ್ಲ.